ಸಾಯುವವರು ಸುಳ್ಳು ಹೇಳುವರೇ?

2003ರ ತಪಸ್ಸುಕಾಲದ ಒಂದು ಮಧ್ಯಾಹ್ನ. ಗುರುದೀಕ್ಷೆ ಪಡೆದು ನನಗಿನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ನಮ್ಮ ಧರ್ಮಕೇಂದ್ರದ ಬಾಲಕನೊಬ್ಬ ಸ್ನಾನದ ಹಂಡೆಯ ಕುದಿನೀರನ್ನು ಕಾಲಿನ ಮೇಲೆ ಸುರಿದುಕೊಂಡು ಮೈಸೂರಿನ ಆಸ್ಪತ್ರೆಯೊಂದರ ಸುಟ್ಟಗಾಯಗಳ ವಾರ್ಡಿನಲ್ಲಿದ್ದ. ಅವನನ್ನು ನೋಡಲು ಹೋಗಿದ್ದೆ. ಅವನ ಪಕ್ಕದ ಮಂಚದಲ್ಲಿ ಹಂಗಳದ ಕಡೆಯ ಒಬ್ಬ ಹೆಣ್ಣುಮಗಳು ಮಲಗಿದ್ದಳು. ಬಟ್ಟೆ ಮೈಗೆ ತಾಗದಂತೆ ಮಂಚದ ಮೇಲೆ ಕಮಾನು ಇಟ್ಟು ಹೊದಿಕೆ ಹೊದಿಸಿದ್ದರು. ಮುಖಕ್ಕೆ ಬಿಳಿಯ ಮುಲಾಮು ಹಚ್ಚಿದ್ದರು. ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಶೇಕಡಾ 70ರಷ್ಟು ಸುಟ್ಟಿದೆ ಎಂದು ದಾದಿ ನನಗೆ ತಗ್ಗಿದ ದನಿಯಲ್ಲಿ ಹೇಳಿದರು. ಆಕೆ ಕ್ರೈಸ್ತಳಲ್ಲ. ಆದರೂ ನನ್ನ ಬಿಳಿಯ ನಿಲುವಂಗಿಯನ್ನು ಕಂಡು "ಸ್ವಾಮಿ" ಎಂದು ಕರೆದು ಒಂದು ಪ್ರಶ್ನೆ ಕೇಳಿದಳು. ಅದೇನೆಂಬುದನ್ನು ಮುಂದೆ ಹೇಳುತ್ತೇನೆ.

ಸ್ವಲ್ಪ ಹೊತ್ತಿನಲ್ಲಿ ತಹಸೀಲ್ದಾರರು ಬಂದರು. ಬಂಧುಗಳನ್ನೆಲ್ಲ ಹೊರಗೆ ಕಳುಹಿಸಿದರು. ನಾನು ಬಾಲಕನ ಮಂಚದಿಂದ ಎದ್ದು ಹೊರಡುವಷ್ಟರಲ್ಲಿಯೇ ಪ್ರಶ್ನೆ ಕೇಳಲಾರಂಭಿಸಿದ್ದರು. "ಸ್ಟೌ ಸಿಡೀತು" ಎಂದು ಆಕೆ ಸ್ಪಷ್ಟವಾಗಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ಯಾರ ಮೇಲಾದರೂ ಅನುಮಾನವಿದೆಯೇ ಎಂದು ಕೇಳಿದಾಗ ಇಲ್ಲವೆಂದಳು. ಕೈಬೆರಳುಗಳು ಸುಟ್ಟಿದ್ದರಿಂದ ಕಾಲಿನ ಹೆಬ್ಬೆರಳಿನ ಗುರುತನ್ನು ತೆಗೆದುಕೊಂಡರಂತೆ.

ಹೊರಗೆ ಓಣಿಯಲ್ಲಿ ಆಕೆಯ ತಾಯಿ ಗೋಡೆಗೆ ಒರಗಿ ಕುಳಿತಿದ್ದರು. ನಾನು ಪಕ್ಕದಲ್ಲಿ ಕುಳಿತೆ. ಬಹಳ ಹೊತ್ತಿನ ಮೇಲೆ ಆ ತಾಯಿ ನನ್ನ ಕಡೆ ತಿರುಗದೆಯೇ ಹೇಳಿದರು: "ಆ ಮನೇಲಿ ಸ್ಟೌವೇ ಇಲ್ಲ ಸ್ವಾಮಿ. ಸೌದೆ ಒಲೆ."

ಆಕೆ ಮೂರನೆಯ ದಿನ ತೀರಿಕೊಂಡಳು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಾನು ಈ ಘಟನೆಯನ್ನು ಹೊತ್ತು ತಿರುಗುತ್ತಿದ್ದೇನೆ. ಸಾಯುತ್ತಿದ್ದಾಳೆಂದು ತಾನೇ ಬಲ್ಲವಳು, ಎದುರಿಗೆ ಅಧಿಕಾರಿಯೂ ಆಚೆಗೆ ದೇವರೂ ಇದ್ದಾರೆಂದು ಅರಿತವಳು, ಸುಳ್ಳು ಹೇಳಿದಳು. ಅವಳು ಪಾಪ ಮಾಡಿದಳೇ? ಗುರುಮಠದಲ್ಲಿ ನೀತಿಶಾಸ್ತ್ರವನ್ನು ಓದಿ ಒಳ್ಳೆಯ ಅಂಕಗಳನ್ನೇ ಪಡೆದಿದ್ದ ನನಗೆ ಉತ್ತರ ಕೂಡಲೇ ತೋಚಬೇಕಾಗಿತ್ತು.

ಮೊದಲು ಸುಟ್ಟಗಾಯದ ವಿಚಾರವನ್ನು ನಾವು ಸರಿಯಾಗಿ ತಿಳಿದುಕೊಳ್ಳಬೇಕು. ಏಕೆಂದರೆ ಈ ಪ್ರಶ್ನೆ ಹುಟ್ಟುವುದೇ ಆ ಗಾಯದ ಸ್ವಭಾವದಿಂದ. ವೈದ್ಯರು ಗಾಯದ ಹರವನ್ನು ಅಳೆಯಲು ಒಂಬತ್ತರ ಲೆಕ್ಕವನ್ನು ಬಳಸುತ್ತಾರೆ. ದೊಡ್ಡವರಲ್ಲಿ ತಲೆ ಮತ್ತು ಕತ್ತು ಸೇರಿ ಶೇಕಡಾ 9, ಒಂದೊಂದು ತೋಳು 9, ಎದೆ ಹೊಟ್ಟೆ ಸೇರಿ 18, ಬೆನ್ನು 18, ಒಂದೊಂದು ಕಾಲು 18, ಉಳಿದ ಒಂದು ಗುಪ್ತಾಂಗದ ಭಾಗಕ್ಕೆ. ಬೆರಳುಗಳೂ ಸೇರಿ ರೋಗಿಯ ಸ್ವಂತ ಅಂಗೈಯಷ್ಟಗಲದ ಗಾಯ ಹೆಚ್ಚುಕಡಿಮೆ ಶೇಕಡಾ 1. ಮಕ್ಕಳಲ್ಲಿ ತಲೆ ದೊಡ್ಡದಾದ್ದರಿಂದ ಲೆಕ್ಕ ಬೇರೆಯಾಗುತ್ತದೆ. ಹರವಿನಷ್ಟೇ ಮುಖ್ಯವಾದದ್ದು ಆಳ. ಮೇಲ್ಪದರ ಮಾತ್ರ ಸುಟ್ಟರೆ ಕೆಂಪಾಗಿ ಉರಿಯುತ್ತದೆ. ಸ್ವಲ್ಪ ಕೆಳಗಿಳಿದರೆ ಬೊಕ್ಕೆಗಳೇಳುತ್ತವೆ, ತಡೆಯಲಾಗದ ನೋವಿರುತ್ತದೆ. ಚರ್ಮದ ಪೂರ್ಣ ದಪ್ಪ ಸುಟ್ಟಾಗ ನೋವನ್ನು ತಿಳಿಸುವ ನರಗಳೇ ನಾಶವಾಗಿ ಆ ಜಾಗ ತೊಗಲಿನಂತೆ ಗಡುಸಾಗುತ್ತದೆ. ಅಲ್ಲಿ ನೋವು ತಿಳಿಯುವುದಿಲ್ಲ. ಆದ್ದರಿಂದಲೇ ಬಹಳ ಆಳವಾಗಿ ಸುಟ್ಟವರು ಕೆಲವೊಮ್ಮೆ ಶಾಂತವಾಗಿರುತ್ತಾರೆ. ನೀರು ಕೇಳುತ್ತಾರೆ, ಮಕ್ಕಳನ್ನು ವಿಚಾರಿಸುತ್ತಾರೆ. ನೋಡಲು ಬಂದ ಬಂಧುಗಳು "ಚೆನ್ನಾಗಿಯೇ ಮಾತಾಡುತ್ತಿದ್ದಾಳೆ, ಉಳಿಯುತ್ತಾಳೆ" ಎಂದು ನಂಬಿ ಮನೆಗೆ ಹೋಗುತ್ತಾರೆ.

ಚರ್ಮ ಹೋದ ಮೇಲೆ ದೇಹದ ದ್ರವ ಸೋರಿಹೋಗುತ್ತಲೇ ಇರುತ್ತದೆ. ಪಾರ್ಕ್‌ಲ್ಯಾಂಡ್ ಸೂತ್ರವೆಂಬ ಒಂದು ಲೆಕ್ಕವಿದೆ: 50 ಕಿಲೋ ತೂಕದ ವ್ಯಕ್ತಿಗೆ ಶೇಕಡಾ 40 ಸುಟ್ಟಿದ್ದರೆ ಮೊದಲ 24 ಗಂಟೆಗಳಲ್ಲಿ ಸುಮಾರು 8 ಲೀಟರ್ ದ್ರವವನ್ನು ರಕ್ತನಾಳಕ್ಕೆ ಕೊಡಬೇಕು. ಅದರಲ್ಲಿ ಅರ್ಧವನ್ನು ಮೊದಲ 8 ಗಂಟೆಗಳಲ್ಲೇ ಕೊಡಬೇಕು. ಆ ಎಂಟು ಗಂಟೆಗಳನ್ನು ಆಸ್ಪತ್ರೆಗೆ ಸೇರಿದ ಹೊತ್ತಿನಿಂದಲ್ಲ, ಸುಟ್ಟ ಹೊತ್ತಿನಿಂದ ಎಣಿಸುತ್ತಾರೆ. ಹಂಗಳದಿಂದ ಮೈಸೂರಿಗೆ ಸುಮಾರು 70 ಕಿ.ಮೀ. ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಬಂದದ್ದು 2008ರಲ್ಲಿ. ಅದಕ್ಕೆ ಮೊದಲು ಜೀಪು ಹುಡುಕಿ, ಹಣ ಹೊಂದಿಸಿ, ಗುಂಡ್ಲುಪೇಟೆಯಲ್ಲೊಮ್ಮೆ ತೋರಿಸಿ ಮೈಸೂರು ಮುಟ್ಟುವಷ್ಟರಲ್ಲಿ ಎಷ್ಟು ಗಂಟೆಗಳು ಕಳೆದಿರುತ್ತಿದ್ದವೆಂಬುದನ್ನು ನೀವೇ ಊಹಿಸಿ. ಮೊದಲ ಎರಡು ದಿನಗಳನ್ನು ದಾಟಿದವರಿಗೆ ಸೋಂಕಿನ ಭಯ ವಾರಗಟ್ಟಲೆ ಇರುತ್ತದೆ. ಇಷ್ಟೆಲ್ಲದರ ನಡುವೆ ಪ್ರಜ್ಞೆ ಮಾತ್ರ ಬಹಳ ಹೊತ್ತು ನಿಚ್ಚಳವಾಗಿಯೇ ಇರಬಹುದು. ಸುಟ್ಟಗಾಯದ ರೋಗಿಗೆ ಹೇಳಿಕೆ ಕೊಡಲು ಸಮಯ ಸಿಗುವುದು ಹೀಗೆ.

(ಇಲ್ಲಿಯೇ ಒಂದು ಮಾತು, ಮರೆಯುವ ಮೊದಲು. ಯಾರಿಗಾದರೂ ಬೆಂಕಿಯೋ ಕುದಿನೀರೋ ತಗುಲಿದರೆ ಸುಟ್ಟ ಜಾಗದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ. ಮಗುವಾದರೆ ಉಳಿದ ಮೈ ಚಳಿಗೆ ಸಿಕ್ಕದಂತೆ ಹೊದಿಸಿ. ಉಂಗುರ, ಬಳೆ ಬಿಚ್ಚಿ. ಶುಭ್ರವಾದ ಬಟ್ಟೆ ಮುಚ್ಚಿ ಕರೆದೊಯ್ಯಿರಿ. ಟೂತ್‌ಪೇಸ್ಟು, ಶಾಯಿ, ಸಗಣಿ, ಮಂಜುಗಡ್ಡೆ ಯಾವುದೂ ಬೇಡ. ಅಂಟಿಕೊಂಡ ನೈಲಾನ್ ಬಟ್ಟೆಯನ್ನು ಕೀಳಬೇಡಿ.)

ಕಾರಣಗಳು ಹಲವು. ನಮ್ಮ ಚಾಮರಾಜನಗರದ ಕಡೆ ಮುದ್ದೆಯ ಎಸರಿಗೂ ಹಂಡೆಯ ನೀರಿಗೂ ಬೀಳುವ ಮಕ್ಕಳಿದ್ದಾರೆ. ಮೂರ್ಛೆರೋಗ ಬಂದು ಒಲೆಯ ಮೇಲೆಯೇ ಬಿದ್ದವರಿದ್ದಾರೆ. ಕೊಂಡ ಹಾಯುವಾಗ ಎಡವಿದವರಿದ್ದಾರೆ. ಕಾಡುಹಂದಿಗೆಂದು ಬೇಲಿಗೆ ಕದ್ದು ಹರಿಸಿದ ವಿದ್ಯುತ್ತಿಗೆ ಸಿಕ್ಕವರಿದ್ದಾರೆ. ಪಂಪ್ ಸ್ಟೌ ನಿಜವಾಗಿಯೂ ಅಪಾಯದ ವಸ್ತುವೇ. ಅದರ ಕಂಡಿ ಕಟ್ಟಿಕೊಂಡಾಗ ಒತ್ತಡ ಏರುತ್ತದೆ, ಬಿಸಿಯಿದ್ದಾಗಲೇ ಎಣ್ಣೆ ತುಂಬಿದರೆ ಭಗ್ಗೆನ್ನುತ್ತದೆ, ಸೀಮೆಎಣ್ಣೆಗೆ ಪೆಟ್ರೋಲು ಬೆರೆತಿದ್ದರಂತೂ ಕೇಳಬೇಡಿ. ಆದ್ದರಿಂದ ಸ್ಟೌ ಸಿಡಿಯಿತೆಂದ ಪ್ರತಿಯೊಬ್ಬ ಹೆಣ್ಣುಮಗಳೂ ಏನನ್ನೋ ಮರೆಮಾಚುತ್ತಿದ್ದಾಳೆಂದು ಭಾವಿಸುವುದು ಅನ್ಯಾಯ.

ಆದರೆ ಲೆಕ್ಕಗಳನ್ನು ನೋಡಿ. 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು 1,63,000ಕ್ಕೂ ಹೆಚ್ಚು. ಪೊಲೀಸ್ ದಾಖಲೆಗಳಲ್ಲಿದ್ದ ಸಂಖ್ಯೆಗೆ ಇದು ಸುಮಾರು ಆರು ಪಟ್ಟು. ಸತ್ತವರಲ್ಲಿ 1,06,000 ಮಂದಿ ಹೆಂಗಸರು, ಅವರಲ್ಲಿ ಹೆಚ್ಚಿನವರು 15ರಿಂದ 34ರ ವಯಸ್ಸಿನವರು. ಒಬ್ಬ ಯುವಕನಿಗೆ ಮೂವರು ಯುವತಿಯರು. ಅಡುಗೆಮನೆಯಲ್ಲಿರುವವರು ಹೆಂಗಸರೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹಾಗಾದರೆ ಸ್ಟೌಗಳು ಸೊಸೆಯರನ್ನೇ ಆರಿಸಿಕೊಂಡು ಸಿಡಿಯುವುದೇಕೆ? ನಲವತ್ತು ವರ್ಷ ಅದೇ ಒಲೆಯ ಮುಂದೆ ಕುಳಿತ ಅತ್ತೆಯರು ಆ ವಾರ್ಡಿನಲ್ಲಿ ಅಷ್ಟಾಗಿ ಕಾಣುವುದಿಲ್ಲವೇಕೆ? 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ 'ವಿಮೋಚನಾ' ಸಂಘಟನೆಯ ಮಹಿಳೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ, ಮಂಚದ ಪಕ್ಕ ಕುಳಿತು, ಮನೆಗಳವರೆಗೂ ಹಿಂಬಾಲಿಸಿ ಈ ಪ್ರಶ್ನೆಯನ್ನೇ ರಾಜ್ಯದ ಮುಂದಿಟ್ಟರು. ಅಡುಗೆಮನೆಯ ಅಪಘಾತ, ಸ್ಟೌ ಸಿಡಿತ ಎಂದು ಮುಚ್ಚಿಹೋಗುತ್ತಿದ್ದ ಕಡತಗಳ ಹಿಂದೆ ವರದಕ್ಷಿಣೆಯೂ ಹಿಂಸೆಯೂ ಇದ್ದವೆಂದು ತೋರಿಸಿದರು. ಅವರಲ್ಲಿ ಕೆಲವರು ಸತ್ತದ್ದು ಮತ್ತೊಬ್ಬರ ಕೈಯಿಂದ. ಮತ್ತೆ ಕೆಲವರು ತಾಳಲಾರದೆ ತಾವೇ ಹಚ್ಚಿಕೊಂಡದ್ದು. ಆತ್ಮಹತ್ಯೆಯ ಯತ್ನವೂ ಆಗ ಶಿಕ್ಷಾರ್ಹವಾಗಿದ್ದುದರಿಂದ ಆ ಎರಡನೆಯವರಿಗೂ ಸುಳ್ಳು ಹೇಳಲು ಕಾರಣವಿತ್ತು.

ಇನ್ನು ಕಾನೂನಿನ ಮಾತು. 1986ರಿಂದ ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಸುಟ್ಟು ಸತ್ತು, ಅದಕ್ಕೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಹಿಂಸೆ ನಡೆದಿದ್ದರೆ ಅದು ವರದಕ್ಷಿಣೆ ಸಾವು; ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ 80ನೆಯ ಕಲಮಾಗಿ ಉಳಿದಿದೆ. ಮರಣಪೂರ್ವ ಹೇಳಿಕೆಗೆ 1872ರ ಸಾಕ್ಷ್ಯ ಕಾಯಿದೆ ಕೊಟ್ಟ ಸ್ಥಾನವನ್ನು 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಅಂಥ ಹೇಳಿಕೆ ನಂಬಲರ್ಹವಾಗಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದೆಂದು ಸುಪ್ರೀಂ ಕೋರ್ಟು 1957ರಷ್ಟು ಹಿಂದೆಯೇ ಹೇಳಿದೆ. ಇದಕ್ಕೆಲ್ಲ ಆಧಾರ, ಸಾಯುವ ಮನುಷ್ಯ ಬಾಯಲ್ಲಿ ಸುಳ್ಳಿಟ್ಟುಕೊಂಡು ಸೃಷ್ಟಿಕರ್ತನನ್ನು ಕಾಣಲು ಹೋಗಲಾರ ಎಂಬ ನಂಬಿಕೆ. ನಮ್ಮ ಧರ್ಮದ ಮಾತೇ ನ್ಯಾಯಾಲಯಕ್ಕೆ ಹೋಗಿ ಕುಳಿತಂತಿದೆ. ಆದರೆ ಈ ನಂಬಿಕೆಯನ್ನು ಕಟ್ಟಿದವರು ಸಾಯುವವನನ್ನು ಒಂಟಿ ಮನುಷ್ಯನೆಂದು ಭಾವಿಸಿದ್ದರು. ಅವನು ಮತ್ತು ಅವನ ದೇವರು, ಅಷ್ಟೆ. ಬಾಗಿಲ ಹೊರಗೆ ಅತ್ತೆಯ ಸೊಂಟದ ಮೇಲೆ ಕುಳಿತ ಎರಡು ವರ್ಷದ ಮಗು ಅವರ ಲೆಕ್ಕದಲ್ಲಿರಲಿಲ್ಲ.

ಗುರುಮಠದಲ್ಲಿ ನಮಗೆ ಸಂತ ಅಗಸ್ಟೀನರ ಬೋಧನೆಯನ್ನು ಕಲಿಸಿದ್ದರು. ಸುಳ್ಳನ್ನು ಕುರಿತೇ ಅವರು ಕ್ರಿ.ಶ. 395ರ ಸುಮಾರಿಗೆ ಒಂದು ಗ್ರಂಥವನ್ನು ಬರೆದರು. ಪ್ರಾಣ ಉಳಿಸಲೆಂದು ಹೇಳಿದ ಸುಳ್ಳೂ ಸುಳ್ಳೇ, ಅದು ಸಲ್ಲದು ಎಂಬುದು ಅವರ ನಿಲುವು. ವಿಮೋಚನಕಾಂಡದಲ್ಲಿ ಶಿಫ್ರಾ ಮತ್ತು ಪೂಗಾ ಎಂಬ ಸೂಲಗಿತ್ತಿಯರು ಫರೋಹನಿಗೆ ಸುಳ್ಳು ಹೇಳಿ ಹಸುಳೆಗಳನ್ನು ಉಳಿಸಿದರಲ್ಲ, ದೇವರು ಅವರನ್ನು ಆಶೀರ್ವದಿಸಿದರಲ್ಲ ಎಂದು ಕೇಳಿದರೆ, ದೇವರು ಮೆಚ್ಚಿದ್ದು ಅವರ ಕರುಣೆಯನ್ನು, ಸುಳ್ಳನ್ನಲ್ಲ ಎನ್ನುತ್ತಾರೆ. ಅದೇ ಗ್ರಂಥದಲ್ಲಿ ಅವರು ತಮ್ಮ ಹುಟ್ಟೂರು ತಗಾಸ್ತೆಯ ಧರ್ಮಾಧ್ಯಕ್ಷರಾಗಿದ್ದ ಫಿರ್ಮುಸ್ ಎಂಬವರ ಕಥೆಯನ್ನು ಹೇಳುತ್ತಾರೆ. ಚಕ್ರವರ್ತಿಯ ಆಳುಗಳು ಹುಡುಕುತ್ತಿದ್ದ ಒಬ್ಬನನ್ನು ಫಿರ್ಮುಸ್ ಬಚ್ಚಿಟ್ಟಿದ್ದರು. ಕೇಳಿದಾಗ, ತಾನು ಸುಳ್ಳು ಹೇಳುವುದೂ ಇಲ್ಲ, ಅವನನ್ನು ಹಿಡಿದುಕೊಡುವುದೂ ಇಲ್ಲ ಎಂದರು. ಚಿತ್ರಹಿಂಸೆಗೂ ಜಗ್ಗಲಿಲ್ಲ. ಕೊನೆಗೆ ಚಕ್ರವರ್ತಿಯೇ ಬೆರಗಾಗಿ ಅಡಗಿದ್ದವನನ್ನು ಕ್ಷಮಿಸಿದ. ಸುಳ್ಳಿಗೂ ದ್ರೋಹಕ್ಕೂ ನಡುವೆ ಮೌನವೆಂಬ ಮೂರನೆಯ ದಾರಿಯುಂಟೆಂದು ನಮಗೆ ಪಾಠವಾಯಿತು. ನಾನದನ್ನು ಪರೀಕ್ಷೆಯಲ್ಲಿ ಬರೆದೆ.

ಹಂಗಳದ ಹೆಣ್ಣುಮಗಳಿಗೆ ಆ ಮೂರನೆಯ ದಾರಿ ಇತ್ತೇ? ಆಕೆ ಮೌನವಾಗಿದ್ದರೆ ಆ ಮೌನವನ್ನೂ ಮನೆಯವರು ಓದುತ್ತಿದ್ದರು, ಪೊಲೀಸರೂ ಓದುತ್ತಿದ್ದರು. ಫಿರ್ಮುಸರು ಪಣವಾಗಿಟ್ಟದ್ದು ತಮ್ಮ ಮೈಯನ್ನು. ಈಕೆಯ ಮೈ ಆಗಲೇ ಹೋಗಿತ್ತು. ಉಳಿದಿದ್ದುದು ಮಗು, ಅದು ಯಾರ ಕೈಯಲ್ಲಿತ್ತೋ ಅವರ ವಿರುದ್ಧವೇ ಈಕೆ ಮಾತಾಡಬೇಕಿತ್ತು.

ಕನ್ನಡಿಗರಾದ ನಮಗೆ ಅಗಸ್ಟೀನರಿಗಿಂತ ಮೊದಲು ಸತ್ಯವನ್ನು ಕಲಿಸಿದ್ದು ಪುಣ್ಯಕೋಟಿ. ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಮರಳಿ ಹೋದ ಹಸು ಅದು. ಆ ಕಥೆಯಲ್ಲಿ ನಾವು ಅಷ್ಟಾಗಿ ಗಮನಿಸದ ಒಂದು ಭಾಗವಿದೆ. ಹುಲಿಯ ಗವಿಗೆ ಹೋಗುವ ಮೊದಲು ಪುಣ್ಯಕೋಟಿ ದೊಡ್ಡಿಯಲ್ಲಿದ್ದ ತನ್ನ ಒಡನಾಡಿಗಳಿಗೆ ಕರುವನ್ನು ಒಪ್ಪಿಸುತ್ತದೆ. ಹಾಯಬೇಡಿ, ಒದೆಯಬೇಡಿ, ನಿಮ್ಮದೇ ಕಂದನೆಂದು ಕಾಣಿರಿ ಎಂಬ ಅರ್ಥದಲ್ಲಿ ಬೇಡಿಕೊಳ್ಳುತ್ತದೆ. ಅವು ಒಪ್ಪುತ್ತವೆ. ಆ ಮೇಲೆಯೇ ಅದು ಸತ್ಯದ ದಾರಿ ಹಿಡಿಯುತ್ತದೆ. ದೊಡ್ಡಿಯ ಹಸುಗಳು ಮುಖ ತಿರುಗಿಸಿದ್ದರೆ ಏನಾಗುತ್ತಿತ್ತು? ಪುಣ್ಯಕೋಟಿಯ ಸತ್ಯ ಅದೊಂದರದೇ ಸಾಧನೆಯಲ್ಲ, ಇಡೀ ಮಂದೆಯ ಒಪ್ಪಿಗೆಯ ಮೇಲೆ ನಿಂತ ಸತ್ಯ ಅದು. ವಾರ್ಡಿನಲ್ಲಿದ್ದವಳಿಗೆ ಮಂದೆ ಇರಲಿಲ್ಲ. ತವರಿನಲ್ಲಿ ಇನ್ನೂ ಮದುವೆಯಾಗದ ಇಬ್ಬರು ತಂಗಿಯರಿದ್ದರು ಎಂದು ಆ ತಾಯಿ ಹೇಳಿದ್ದರು. ಆದ್ದರಿಂದ ಅವಳ ಸುಳ್ಳು ಸುಳ್ಳೇ ಎಂದು ನಾನು ಇಂದೂ ಅಗಸ್ಟೀನರೊಂದಿಗೆ ಹೇಳುತ್ತೇನೆ. ಆದರೆ ಆ ಪಾಪವನ್ನು ಯಾರ ಹೆಸರಿನಲ್ಲಿ ಬರೆಯಬೇಕೆಂದು ಕೇಳಿದರೆ ಅವಳ ಹೆಸರನ್ನು ನಾನು ಹೇಳಲಾರೆ.

ಅವಳು ಗಂಡನನ್ನು ಕ್ಷಮಿಸಿದಳು, ಅದು ಕ್ರಿಸ್ತೀಯ ಪ್ರೀತಿಗೆ ಸಮಾನವಾದ ತ್ಯಾಗ ಎಂದು ನನ್ನ ಸಹಗುರುವೊಬ್ಬರು ಆಗ ಹೇಳಿದ್ದರು. ನಾನು ಒಪ್ಪುವುದಿಲ್ಲ. ಕ್ಷಮಿಸುವುದೂ ಮುಚ್ಚಿಡುವುದೂ ಬೇರೆ ಬೇರೆ. ಸಂತ ಮರಿಯ ಗೊರೆಟ್ಟಿ 1902ರಲ್ಲಿ ನೆತ್ತುನೊ ಊರಿನ ಆಸ್ಪತ್ರೆಯಲ್ಲಿ ಸಾಯುವಾಗ ತನ್ನನ್ನು ಇರಿದವನು ಯಾರೆಂದು ಅಧಿಕಾರಿಗೆ ಹೇಳಿದಳು, ಹಿಂದೆ ಅವನು ಪೀಡಿಸಿದ್ದನ್ನೂ ಹೇಳಿದಳು. ಅವನನ್ನು ಕ್ಷಮಿಸಿದ್ದೇನೆಂದೂ ಹೇಳಿದಳು. ಅಲೆಸ್ಸಾಂದ್ರೊ 27 ವರ್ಷ ಸೆರೆಯಲ್ಲಿದ್ದ. ಸೆರೆಮನೆಯಲ್ಲಿಯೇ ಅವನ ಮನಸ್ಸು ತಿರುಗಿತು. ಅವನ ಹೆಸರನ್ನು ಆಕೆ ಬಚ್ಚಿಟ್ಟಿದ್ದರೆ ಅವನಿಗೆ ಪಶ್ಚಾತ್ತಾಪದ ಬಾಗಿಲೇ ತೆರೆಯುತ್ತಿತ್ತೋ ಇಲ್ಲವೋ. ಶಿಲುಬೆಯ ಮೇಲಿಂದ ಯೇಸುಸ್ವಾಮಿ ಕೊಟ್ಟ ಕ್ಷಮೆ ಕೂಡ ಎಲ್ಲರ ಕಣ್ಣೆದುರಿಗೆ ಕೊಟ್ಟದ್ದು. ಮೊಳೆ ಹೊಡೆದವರು ಯಾರೆಂಬುದು ಅಲ್ಲಿ ಗುಟ್ಟಾಗಿರಲಿಲ್ಲ. ಹೆದರಿಕೆಯಿಂದ ಬಾಯಿ ಮುಚ್ಚಿದ್ದನ್ನು ನಾವು ಕ್ಷಮೆಯೆಂದು ಕರೆದರೆ ಹೊಡೆದವನಿಗೆ ಅನುಕೂಲ, ನೋಡುತ್ತ ನಿಂತವರಿಗೂ ಅನುಕೂಲ.

ನೋಡುತ್ತ ನಿಂತವರಲ್ಲಿ ನಾನೂ ಒಬ್ಬ. ಆ ಸಾವಾಗಿ ಐದಾರು ವರ್ಷಗಳ ಮೇಲೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ನಮ್ಮದೇ ಸಭೆಯ ಒಬ್ಬ ತರುಣಿ ಗುರುಗಳ ಮನೆಗೆ ಬಂದಿದ್ದಳು. ಪಾಪನಿವೇದನೆಗೆ ಬಂದದ್ದಲ್ಲ, ಮಗುವಿನ ದೀಕ್ಷಾಸ್ನಾನದ ಪತ್ರಕ್ಕಾಗಿ. ಮುಂಗೈ ಮೇಲೆ ಸುಟ್ಟ ಗುರುತಿತ್ತು. ಏನಾಯಿತಮ್ಮ ಎಂದೆ. ಸಾರು ಚೆಲ್ಲಿತು ಸ್ವಾಮಿ ಎಂದಳು. ಚೆಲ್ಲಿದ ಸಾರು ಹರಿದು ಕೆಳಗಿಳಿದ ಗುರುತನ್ನು ಬಿಡುತ್ತದೆ. ಇವಳ ಕೈಯ ಮೇಲಿದ್ದುದು ಅಂಚು ಕಟ್ಟಿದ ದುಂಡನೆಯ ಗುರುತು, ಕಾದ ಸೌಟನ್ನು ಒತ್ತಿದಂತೆ. ನಾನದನ್ನು ಕಂಡೆ. ನಮ್ಮ ಮಾತಿನ ಕೊನೆಯಲ್ಲಿ, ಸಂಸಾರವೆಂದ ಮೇಲೆ ಹೊಂದಿಕೊಂಡು ಹೋಗಬೇಕಮ್ಮ, ನಿನ್ನ ನೋವನ್ನು ಪ್ರಭುವಿನ ಶಿಲುಬೆಗೆ ಒಪ್ಪಿಸು ಎಂದು ಆಶೀರ್ವದಿಸಿ ಕಳುಹಿಸಿದೆ. ಎರಡು ವರ್ಷದ ಮೇಲೆ ಅವಳು ಮಗುವನ್ನು ಕರೆದುಕೊಂಡು ತಿರುಪ್ಪೂರಿನ ಬಟ್ಟೆ ಕಾರ್ಖಾನೆಗೆ ಕೆಲಸಕ್ಕೆ ಹೋದಳು. ಒಮ್ಮೆ ಯಾವುದೋ ಪತ್ರ ಬೇಕಾಗಿ ಫೋನು ಮಾಡಿದಾಗ ನಾನಾಗಿಯೇ ಆ ಗಾಯದ ಮಾತೆತ್ತಿದೆ. ಆಕೆ ಸ್ವಲ್ಪವೂ ಸಿಟ್ಟಿಲ್ಲದೆ ಹೇಳಿದಳು: "ನಾನು ಸುಳ್ಳು ಹೇಳ್ದೆ ಸ್ವಾಮಿ, ನೀವೂ ನಂಬಿದ ಹಾಗೆ ಮಾಡಿದ್ರಿ."

ನಮ್ಮಲ್ಲಿ ವರದಕ್ಷಿಣೆಯಿಲ್ಲ, ಅದು ಇತರರ ರೋಗ ಎಂದು ಹೇಳಿಕೊಳ್ಳುವ ಅಭ್ಯಾಸವೂ ನಮಗಿದೆ. ಕರಾರಿನ ಮಾತು ಮುಗಿದ ಮೇಲೆಯೇ ಬಾನ್ಸ್ ಓದಿಸಲು ಬರುತ್ತಾರೆಂಬುದನ್ನು ಪ್ರತಿಯೊಬ್ಬ ಗುರುವೂ ಬಲ್ಲ. ಈಗ ನಮ್ಮ ಕಡೆಯ ಬಹಳಷ್ಟು ಅಡುಗೆಮನೆಗಳಿಗೆ ಗ್ಯಾಸ್ ಬಂದಿದೆ, ಪಂಪ್ ಸ್ಟೌ ಅಪರೂಪವಾಗಿದೆ. ಅದು ಸಂತೋಷದ ಸಂಗತಿಯೇ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಿದೆ, 181 ಎಂಬ ಮಹಿಳಾ ಸಹಾಯವಾಣಿಯಿದೆ. ಆದರೆ ಸೌಟು ಇನ್ನೂ ಇದೆ. ಮೊದಲ ಸಲ ಗುರುತು ಕಂಡಾಗ ತವರಿನವರು "ನಿನ್ನ ಕೋಣೆ ಇನ್ನೂ ಖಾಲಿಯೇ ಇದೆ, ಮಗುವನ್ನು ಎತ್ತಿಕೊಂಡು ಬಾ" ಎಂದರೆ, ನೆರೆಯವರು ಬಾಗಿಲು ತಟ್ಟಿದರೆ, ಗುರುಗಳು ಮತ್ತೊಮ್ಮೆ ಕೇಳಿದರೆ, ಆ ಹೆಣ್ಣು ಸತ್ಯ ಹೇಳಲು ಸಾವಿನ ಮಂಚದವರೆಗೆ ಕಾಯಬೇಕಾಗುವುದಿಲ್ಲ.

ಹಂಗಳದವಳು ನನ್ನನ್ನು ಕೇಳಿದ ಪ್ರಶ್ನೆಯನ್ನು ಹೇಳುತ್ತೇನೆಂದಿದ್ದೆ. "ಮಗೂನ ಯಾರು ನೋಡ್ಕೋತಾರೆ ಸ್ವಾಮಿ?" ಎಂದು ಕೇಳಿದಳು. ನಮ್ಮ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಮಕ್ಕಳ ಮನೆ ಅಲ್ಲಿಂದ ಬಹು ದೂರವೇನೂ ಇರಲಿಲ್ಲ. ಅದರ ಮೇಲ್ವಿಚಾರಕಿ ನನಗೆ ಚೆನ್ನಾಗಿ ಪರಿಚಿತರು. ಆ ತಾಯಿಯೊಡನೆ ಮಾತಾಡಬಹುದಾಗಿತ್ತು, ನಾನೇ ಹೊಣೆ ಎನ್ನಬಹುದಾಗಿತ್ತು. ಅದ್ಯಾವುದೂ ನನಗೆ ಹೊಳೆಯಲಿಲ್ಲ. "ದೇವರು ನೋಡ್ಕೋತಾನಮ್ಮ" ಎಂದೆ. ಆಕೆ ನನ್ನನ್ನು ಕ್ಷಣಕಾಲ ನೋಡಿ, ಬಾಗಿಲ ಕಡೆ ಮುಖ ತಿರುಗಿಸಿದಳು. ಬಾಗಿಲ ಗಾಜಿನಾಚೆ ಅತ್ತೆ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಮಗುವಿನ ಕೈಯಲ್ಲಿ ಅರ್ಧ ತಿಂದ ಬನ್ನು ಇತ್ತು. ಅರ್ಧ ಗಂಟೆಯ ಮೇಲೆ ತಹಸೀಲ್ದಾರರು ಬಂದರು.